ಕಡೆಗೋಲಿನ ವಂಶ

ಮೊಸರನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಕನ್ನಡದಲ್ಲಿರುವುದು ಒಂದೇ ಮಾತು. ನಿಘಂಟನ್ನು ಬಿಡಿಸಿ ನೋಡಿದರೆ ‘ಕಡೆ’ ಎಂಬ ಧಾತುವಿಗೆ ಮಥಿಸು ಎಂಬ ಅರ್ಥದ ಬೆನ್ನಲ್ಲೇ, ಮರವನ್ನೋ ಲೋಹವನ್ನೋ ತಿರುಗಿಸುತ್ತ ಉಳಿ ಹಿಡಿದು ದುಂಡಗೆ ಮಾಡು ಎಂಬ ಅರ್ಥವೂ ಇದೆ. ಈ ಕೆಲಸಕ್ಕೆ ‘ಕಡಚಲು’ ಎಂಬ ಹಳೆಯ ಹೆಸರೂ ಉಂಟು. ತಮಿಳಿನಲ್ಲಿಯೂ ಇದೇ ಧಾತು, ಇವೇ ಎರಡು ಅರ್ಥಗಳು. ಚೆಲುವಾದ ಮೈಕಟ್ಟನ್ನು ಕಂಡು ‘ಕಡೆದಿಟ್ಟ ಹಾಗಿದೆ’ ಎನ್ನುವಾಗ ನಾವು ನೆನೆಯುವುದೂ ಇದೇ ಕೈಕೆಲಸವನ್ನೇ.

ಈ ಎರಡು ಅರ್ಥಗಳು ಒಂದೇ ಮಾತಿನೊಳಗೆ ಸೇರಿದ್ದು ಆಕಸ್ಮಿಕವಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಿನಲ್ಲಿ, ಮಮದಾಪುರದಂಥ ಹಳ್ಳಿಯ ಒಂದು ಅಡಿಗೆಮನೆಯಲ್ಲಿ, ಕಡೆಗೋಲಿಗೆ ಹಗ್ಗ ಸುತ್ತಿ ಎರಡು ಕೈಗಳಿಂದ ಅತ್ತಿತ್ತ ಎಳೆಯುವ ಗೃಹಿಣಿಯನ್ನು ಊಹಿಸಿಕೊಳ್ಳಿ. ಹಗ್ಗ ಬಲಕ್ಕೆ ಬಂದರೆ ಕೋಲು ಒಂದು ಸುತ್ತಿಗೆ ಹೋಗುತ್ತದೆ, ಎಡಕ್ಕೆ ಬಂದರೆ ತಿರುಗಿ ಬರುತ್ತದೆ. ಆ ಕೋಲನ್ನು ನೆಲಕ್ಕೆ ಸಮನಾಗಿ ಅಡ್ಡ ಮಲಗಿಸಿ, ಎರಡು ತುದಿಗಳನ್ನೂ ಎರಡು ಮೊಳೆಗಳ ನಡುವೆ ಸಿಕ್ಕಿಸಿ, ಹಗ್ಗವನ್ನು ಒಬ್ಬನ ಕೈಗೆ ಕೊಟ್ಟು ಉಳಿಯನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ಆಯಿತು, ಮಾನವನ ಅತ್ಯಂತ ಹಳೆಯ ಯಂತ್ರಗಳಲ್ಲೊಂದಾದ ಲೇತು ಸಿದ್ಧವಾಯಿತು. ಲಟ್ಟಣಿಗೆ, ಬುಗುರಿ, ಮಂಚದ ಕಾಲು, ತೊಟ್ಟಿಲ ಗೂಟ ಇವೆಲ್ಲ ಕಡೆಗೋಲಿನ ವಂಶದವೇ.

ಈಜಿಪ್ತಿನಲ್ಲಿ ಪೆಟೊಸಿರಿಸ್ ಎಂಬ ಅರ್ಚಕನ ಸಮಾಧಿಯೊಂದಿದೆ. ಕ್ರಿ. ಪೂ. 300ರ ಆಸುಪಾಸಿನದು. ಅದರ ಗೋಡೆಯ ಉಬ್ಬುಚಿತ್ರದಲ್ಲಿ ಒಬ್ಬನು ಹಗ್ಗ ಎಳೆಯುತ್ತಿದ್ದಾನೆ, ಇನ್ನೊಬ್ಬನು ಉಳಿ ಹಿಡಿದಿದ್ದಾನೆ. ಲೇತಿನ ಅತ್ಯಂತ ಹಳೆಯ ಚಿತ್ರವೆಂದು ಪಂಡಿತರು ತೋರಿಸುವುದು ಇದನ್ನೇ. ನಮ್ಮ ದೇಶದಲ್ಲಿ ಬೌದ್ಧರ ಸತಿಪಟ್ಠಾನ ಸುತ್ತವು ಉಸಿರಾಟದ ಧ್ಯಾನವನ್ನು ವಿವರಿಸುವಾಗ ಆರಿಸಿಕೊಂಡ ಉಪಮಾನವೂ ಕಡಚಲಿನವನದೇ. ನೀಳವಾಗಿ ಎಳೆದಾಗ ನೀಳವೆಂದೂ, ಗಿಡ್ಡಗೆ ಎಳೆದಾಗ ಗಿಡ್ಡವೆಂದೂ ಅರಿಯುವ ಕುಶಲನಾದ ಕೆಲಸಗಾರನಂತೆ ಸಾಧಕನು ತನ್ನ ಉಸಿರನ್ನು ಅರಿಯಬೇಕು ಎಂಬುದು ಅದರ ತಾತ್ಪರ್ಯ. ಕೇಳುವವರಿಗೆ ಪರಿಚಯವಿಲ್ಲದ ವಸ್ತುವನ್ನು ಯಾರೂ ಉಪಮಾನವಾಗಿ ಹಿಡಿಯುವುದಿಲ್ಲ. ಅಂದಿನ ಪೇಟೆ ಬೀದಿಗಳಲ್ಲಿ ಲೇತು ನಿತ್ಯದ ನೋಟವಾಗಿದ್ದಿರಬೇಕು.

ಹಗ್ಗದ ಲೇತಿನ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಮರವು ತನ್ನತ್ತ ತಿರುಗಿ ಬರುವಾಗ ಮಾತ್ರ ಉಳಿ ಕತ್ತರಿಸಬಲ್ಲದು. ಹಿಂದಕ್ಕೆ ತಿರುಗುವಾಗ ಕೈ ಸುಮ್ಮನಿರಬೇಕು. ಅಂದರೆ ಅರ್ಧ ಶ್ರಮ ವ್ಯರ್ಥ. ಹಾಗಿರುವಾಗ ಕೆಲಸಗಾರನು ಸುಲಭವಾಗಿ ಮಣಿಯುವ ವಸ್ತುವನ್ನೇ ಹುಡುಕುವುದು ಸಹಜ. ಕಡಚಲಿನ ಚರಿತ್ರೆಯೆಂದರೆ ಯಂತ್ರದ ಚರಿತ್ರೆ ಎಷ್ಟೋ, ಉಳಿಗೆ ಮಣಿಯುವ ವಸ್ತುವಿನ ಚರಿತ್ರೆಯೂ ಅಷ್ಟೇ. ಕನ್ನಡ ನಾಡಿನಲ್ಲಿ ಈ ಮಾತಿಗೆ ಎರಡು ದೊಡ್ಡ ಸಾಕ್ಷಿಗಳಿವೆ: ಒಂದು ಕಲ್ಲು, ಇನ್ನೊಂದು ಮರ.

ಕಲ್ಲಿನ ಕಥೆಯನ್ನು ಮೊದಲು ನೋಡೋಣ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಆರು, ಏಳು, ಎಂಟನೆಯ ಶತಮಾನಗಳ ಶಿಲ್ಪಿಗಳಿಗೆ ದೊರೆತದ್ದು ಮರಳುಗಲ್ಲು. ಅದರಲ್ಲಿ ಭವ್ಯತೆ ಬಂತು, ಆದರೆ ಕಂಬಗಳು ಬಹುಮಟ್ಟಿಗೆ ಚೌಕವಾಗಿ, ದಪ್ಪವಾಗಿ ಉಳಿದವು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಎಂದರೆ ಹನ್ನೊಂದು ಹನ್ನೆರಡನೆಯ ಶತಮಾನಗಳಿಗೆ ಬಂದರೆ ಕಲ್ಲೇ ಬದಲಾಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ, ‘ದೇವಾಲಯ ಚಕ್ರವರ್ತಿ’ ಎಂದು ಶಾಸನದಲ್ಲಿಯೇ ಬಿರುದು ಪಡೆದ ಇಟಗಿಯ 1112ರ ಮಹಾದೇವ ದೇವಾಲಯ, ಇವೆಲ್ಲ ಬಳಪದ ಕಲ್ಲಿನವು. ಗಣಿಯಿಂದ ತೆಗೆದ ಹೊಸದರಲ್ಲಿ ಈ ಕಲ್ಲು ಮೃದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಉಳಿಗೆ ಮಣಿಯುವ ಕಲ್ಲು ಸಿಕ್ಕಿದ ಕೂಡಲೇ ನಮ್ಮವರು ಕಲ್ಲನ್ನು ಕಡೆಯತೊಡಗಿದರು.

ಈ ಕಂಬಗಳನ್ನು ಹತ್ತಿರ ನಿಂತು ನೋಡಬೇಕು. ಗಂಟೆಯಂತೆ ಅಗಲಿದ ಭಾಗ, ಅದರ ಮೇಲೆ ಸಣ್ಣ ಕುತ್ತಿಗೆ, ಅದರ ಮೇಲೆ ತಟ್ಟೆಯಂತೆ ಚಾಚಿದ ಅಂಚು, ನಡುನಡುವೆ ಕತ್ತಿಯ ಬಾಯಿಯಷ್ಟು ತೆಳುವಾದ ಬಳೆಗಳು. ಬಳೆಗಳು ಒಂದಕ್ಕೊಂದು ಸಮನಾಗಿ ಸುತ್ತು ಬಂದಿವೆ. ಬರಿಗೈಯಿಂದ ಈ ಸಮತೆ ಸಾಧ್ಯವಿಲ್ಲ, ಕಲ್ಲು ತಿರುಗಿರಲೇಬೇಕು ಎಂಬುದು ಬಹುಮಂದಿ ಬಲ್ಲವರ ಅಭಿಪ್ರಾಯ. ಮಲಗಿಸಿ ತಿರುಗಿಸಿದರೋ ನಿಲ್ಲಿಸಿ ತಿರುಗಿಸಿದರೋ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಬೆಳಗಾವಿಯವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಅಲ್ಲಿಯ ಕೋಟೆಯೊಳಗಿನ ಕಮಲ ಬಸದಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು 1204ರಲ್ಲಿ ಕಟ್ಟಿಸಿದ್ದು, ಕಡೆದ ಕರಿಗಲ್ಲ ಕಂಬಗಳಿಗೆ ಹೆಸರಾಗಿದೆ. ಇದೇ ವಿದ್ಯೆ ದಕ್ಷಿಣಕ್ಕೆ ಇಳಿದು ಬೇಲೂರು ಹಳೇಬೀಡುಗಳ ಹೊಯ್ಸಳರ ಮಂಟಪಗಳಲ್ಲಿ ಕನ್ನಡಿಯ ಹೊಳಪನ್ನು ಪಡೆಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಈ ಕಂಬ ಬಹಳ ಕಡೆ ಒಂದೇ ಕಲ್ಲಲ್ಲ. ಪೀಠ, ಕಾಂಡ, ಮೇಲಿನ ತಟ್ಟೆ, ತೊಲೆಯನ್ನು ಹೊರುವ ಬೋದಿಗೆ ಎಂದು ಬೇರೆ ಬೇರೆ ತುಂಡುಗಳು ಗಾರೆಯಿಲ್ಲದೆ ಒಂದರ ಮೇಲೊಂದು ಕುಳಿತಿವೆ. ಮೇಲಿನ ಭಾರವೇ ಅವುಗಳ ಬೆಸುಗೆ. ದೊಡ್ಡದನ್ನು ಸಣ್ಣ ಸಣ್ಣವುಗಳಿಂದ ಜೋಡಿಸುವ ಬುದ್ಧಿ ನಮ್ಮ ಕಸಬುದಾರರಿಗೆ ಹೊಸದಲ್ಲವೆಂಬುದನ್ನು ಇದು ತೋರಿಸುತ್ತದೆ.

ಗೋಕಾಕವು ಬೇರೆಯೇ ದಾರಿ ಹಿಡಿಯಿತು. ಘಟಪ್ರಭೆ 170 ಅಡಿ ಕೆಳಕ್ಕೆ ಧುಮುಕುವ ಅಲ್ಲಿನ ಬಂಡೆ ಮರಳುಗಲ್ಲಿನದು, ಗಡುಸಾದದ್ದು. ಆದರೆ ಊರಿನ ಕೀರ್ತಿ ಕಲ್ಲಿನಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರುಗಳು ಗೋಕಾಕದ ಬಣ್ಣಗಾರಿಕೆ ನೇಯ್ಗೆಗಳನ್ನು ಹೇಳಿ, ಹಗುರ ಮರದಿಂದಲೂ ಅಲ್ಲಿಯೇ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮಾಡುವ ಮನುಷ್ಯಾಕೃತಿಗಳನ್ನೂ ಹಣ್ಣುಗಳನ್ನೂ ಮೆಚ್ಚಿ ಬರೆದಿವೆ. ಜೀನಗಾರ ಮನೆತನಗಳ ಕೈಯಲ್ಲಿ ಬೆಳೆದ ಈ ಗೊಂಬೆಗಳು ಕಡೆದವಲ್ಲ, ಕೆತ್ತಿ ಬಣ್ಣ ಬಳಿದವು. ಬಾಳೆಹಣ್ಣಿನ ಬಾಗನ್ನಾಗಲಿ ಪೇಟ ಸುತ್ತಿದ ಮುದುಕನ ಮೋರೆಯನ್ನಾಗಲಿ ಲೇತು ಕೊಡಲಾರದು. ಲೇತು ಬಲ್ಲದ್ದು ದುಂಡನ್ನು ಮಾತ್ರ. 1880ರ ದಶಕದಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಲು ಆರಂಭವಾದಾಗ ಆ ಸೀಮೆಯವರು ಇನ್ನೊಂದು ಬಗೆಯ ತಿರುಗುವಿಕೆಯನ್ನು ಕಂಡರು. ಎಳೆಯುವ ಕೈಯಿಲ್ಲ, ಹಿಂದುಮುಂದು ಓಲಾಟವಿಲ್ಲ, ಒಂದೇ ದಿಕ್ಕಿಗೆ ಎಡೆಬಿಡದ ಸುತ್ತು. ಲೇತಿಗೂ ಮುಂದೆ ಬಂದದ್ದು ಇದೇ ಭಾಗ್ಯ.

ಮರದ ಕಡಚಲು ನಾಡಿನಲ್ಲಿ ನೆಲೆ ಕಂಡದ್ದು ಚನ್ನಪಟ್ಟಣದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟೀಪು ಸುಲ್ತಾನನು ಪರ್ಷಿಯದ ಕುಶಲಿಗಳನ್ನು ಕರೆಸಿ ಇಲ್ಲಿಯವರಿಗೆ ಅರಗಿನ ಕೆಲಸ ಕಲಿಸಿದನೆಂದು ಊರಿನ ಐತಿಹ್ಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಗೊಂಬೆಗಾರಿಕೆಯನ್ನು ನೋಡಿ ಬಂದು ಹೊಸ ಪದ್ಧತಿಯನ್ನು ಹಂಚಿದರೆಂದೂ ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಆದರೆ ಚನ್ನಪಟ್ಟಣಕ್ಕೆ ಈ ಕಲೆ ಅಂಟಿಕೊಂಡದ್ದಕ್ಕೆ ಕಣ್ಣೆದುರಿನ ಕಾರಣವೊಂದಿದೆ. ಅದೇ ಆಲೆ ಮರ.

ಆಲೆಯ ಮರ ಬೆಳ್ಳಗೆ, ನುಣ್ಣಗೆ, ಎಳೆ ಕಾಣದಷ್ಟು ಒತ್ತಾಗಿ ಇರುತ್ತದೆ. ದಂತವನ್ನು ನೆನಪಿಗೆ ತರುವ ಮೈ. ಕೆಲವು ತಿಂಗಳು ಒಣಗಿಸಿ, ತುಂಡು ಮಾಡಿ, ಲೇತಿಗೆ ಏರಿಸಿದರೆ ಉಳಿಗೆ ಬೆಣ್ಣೆಯಂತೆ ಒಪ್ಪುತ್ತದೆ. ಆಮೇಲಿನದೇ ಚನ್ನಪಟ್ಟಣದ ಸೊಗಸು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ರಭಸದಿಂದ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಬಿಸಿಗೆ ಅರಗು ತಾನೇ ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯ ತುಂಡನ್ನು ಒತ್ತಿ ಸವರಿದರೆ ಬಣ್ಣ ಎಲ್ಲೆಡೆ ಸಮನಾಗಿ ಹರಡಿ ಹೊಳಪು ಬರುತ್ತದೆ. ಕಡೆಯುವುದು, ಬಣ್ಣ ಹಾಕುವುದು, ಮೆರುಗು ಕೊಡುವುದು ಮೂರೂ ಅದೇ ಲೇತಿನ ಮೇಲೆ, ಅದೇ ಸುತ್ತಿನಲ್ಲಿ ಮುಗಿಯುತ್ತವೆ.

ಆದರೆ ಆಲೆ ಸಣ್ಣ ಮರ, ದೊಡ್ಡ ದಿಮ್ಮಿ ಕೊಡುವ ಜಾತಿಯಲ್ಲ. ಚನ್ನಪಟ್ಟಣದ ಸಾಮಾನುಗಳೆಲ್ಲ ಅಂಗೈ ಅಳತೆಯವಾಗಿರುವುದು ಮಕ್ಕಳ ಕೈಗೆ ಹೊಂದಲೆಂದು ಮಾತ್ರವೇ ಅಲ್ಲ, ಮರದ ಸುತ್ತಳತೆಯೂ ಅದಕ್ಕೆ ಕಾರಣ. ಜೊತೆಗೆ, ಗಟ್ಟಿ ತುಂಡಿನಿಂದ ಬಟ್ಟಲನ್ನೋ ಡಬ್ಬಿಯನ್ನೋ ಕಡೆಯುವಾಗ ಒಳಗಿನ ಮರವೆಲ್ಲ ಹೊಟ್ಟಾಗಿ ನೆಲಕ್ಕೆ ಉದುರುತ್ತದೆ. ಮರ ಧಾರಾಳವಾಗಿದ್ದಾಗ ಇದು ಯಾರಿಗೂ ತೋರಲಿಲ್ಲ. ಇಂದು ಆಲೆ ಹಿಂದಿನಂತೆ ಸಿಕ್ಕುತ್ತಿಲ್ಲವೆಂಬುದು ಕಸಬುದಾರರ ದೊಡ್ಡ ಚಿಂತೆ. ರಬ್ಬರ್ ಮರ ಮೊದಲಾದವು ಅದರ ಜಾಗಕ್ಕೆ ಬಂದಿವೆ. 2005-06ರ ಹೊತ್ತಿಗೆ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಅಗ್ಗದ ವಿದೇಶಿ ಆಟಿಕೆಗಳ ಹೊಡೆತವನ್ನು ತಡೆಯಲು 2020ರಲ್ಲಿ ಕೇಂದ್ರ ಸರ್ಕಾರವು ಆಟಿಕೆಗಳ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ ಏರಿಸಿತು. ಹೆಸರಿಗೆ ಕಾನೂನಿನ ಕಾವಲು ಬಂತು, ಪೇಟೆಗೆ ಸುಂಕದ ಬೇಲಿ ಬಂತು. ಆದರೆ ಕಾವಲಿನಿಂದಲೂ ಬೇಲಿಯಿಂದಲೂ ಮರ ಬೆಳೆಯುವುದಿಲ್ಲ. ಬಳಪದ ಕಲ್ಲು ಬಂದಾಗ ಕಲ್ಲ ಕಡಚಲು ಚಿಗುರಿತು. ಆಲೆ ಮರ ಬಡವಾದರೆ ಮರದ ಕಡಚಲು ಏನಾಗಬೇಕು?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಹೊರನಾಡಿನ ಒಂದು ಬೆಳವಣಿಗೆಯನ್ನು ನೋಡುವುದು ಉಪಯುಕ್ತ. ಮರದ ಸಣ್ಣ ತುಂಡುಗಳನ್ನು ಗೋಂದಿನಿಂದ ಉಂಗುರಗಳಾಗಿ ಜೋಡಿಸಿ, ಉಂಗುರಗಳನ್ನು ಒಂದರ ಮೇಲೊಂದು ಏರಿಸಿ, ಆ ಜೋಡಣೆಯನ್ನೇ ಲೇತಿನ ಮೇಲೆ ಕಡೆಯುವ ಪದ್ಧತಿ ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಬಹಳ ಪ್ರಚಾರ ಪಡೆದಿದೆ. ಮಾಲ್ಕಮ್ ಟಿಬೆಟ್ಸ್ ಎಂಬ ಕಸಬುದಾರರು ಈ ಶತಮಾನದ ಮೊದಲ ದಶಕದಲ್ಲಿ ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಅದರಲ್ಲೊಂದು ಬಗೆ ಇನ್ನೂ ವಿಶೇಷವಾದದ್ದು. ತುಂಡು ತುಂಡಿನ ನಡುವೆ ಬೇಕೆಂದೇ ತೆರಪು ಬಿಡುತ್ತಾರೆ. ಸಿದ್ಧವಾದ ಬಟ್ಟಲು ನಮ್ಮ ಗುಡಿಗಳ ಜಾಲಂಧ್ರದ ಹಾಗೆ ಬೆಳಕನ್ನು ಸೋಸುತ್ತದೆ. ಜಾಲಂಧ್ರದಲ್ಲಿ ಶಿಲ್ಪಿ ಕಲ್ಲನ್ನು ಕೊರೆದು ತೂತು ಮಾಡುತ್ತಾನೆ. ಇಲ್ಲಿ ಕೊರೆಯುವುದೇ ಇಲ್ಲ, ಜೋಡಿಸುವಾಗಲೇ ಬಯಲು ಉಳಿಯುತ್ತದೆ.

ಇದರ ಲೆಕ್ಕ ಶಾಲೆಯ ರೇಖಾಗಣಿತಕ್ಕಿಂತ ಕಷ್ಟವಲ್ಲ. ಒಂದು ಉಂಗುರಕ್ಕೆ 24 ತುಂಡುಗಳೆಂದು ಇಟ್ಟುಕೊಳ್ಳಿ. 360 ಡಿಗ್ರಿಯನ್ನು 24ರಿಂದ ಭಾಗಿಸಿದರೆ ತುಂಡೊಂದಕ್ಕೆ 15 ಡಿಗ್ರಿಯ ಜಾಗ. ಅದರಲ್ಲಿ ಮರಕ್ಕೆ 12, ತೆರಪಿಗೆ 3. ಮೇಲಿನ ಉಂಗುರವನ್ನು 7.5 ಡಿಗ್ರಿ ಸರಿಸಿ ಕೂರಿಸಬೇಕು. ಆಗ ಮೇಲಿನ ಪ್ರತಿಯೊಂದು ತುಂಡು ಕೆಳಗಿನ ತೆರಪಿನ ಮೇಲೆ ಸೇತುವೆಯಂತೆ ನಿಂತು, ಎಡಬಲದ ಎರಡು ತುಂಡುಗಳ ಮೇಲೆ 4.5 ಡಿಗ್ರಿಯಷ್ಟು ಕೂರುತ್ತದೆ. ಇಟ್ಟಿಗೆಯ ಗೋಡೆ ಕಟ್ಟುವವನು ಸಂದಿಯ ಮೇಲೆ ಸಂದಿ ಬಾರದಂತೆ ನೋಡಿಕೊಳ್ಳುವ ರೀತಿಯೇ ಇದು. ಹೀಗೆ 20 ಸುತ್ತು ಏರಿಸಿದರೆ 480 ತುಂಡುಗಳ ಬಟ್ಟಲು. ಪ್ರತಿ ಸುತ್ತು ಒಣಗಿದ ಮೇಲೆ ಅದರ ಮೇಲ್ಮೈಯನ್ನು ಲೇತಿನಲ್ಲಿ ಸಮ ಮಾಡಿಕೊಂಡೇ ಮುಂದಿನ ಸುತ್ತನ್ನು ಅಂಟಿಸಬೇಕು. ಅವಸರಕ್ಕೆ ಇಲ್ಲಿ ಎಡೆಯಿಲ್ಲ.

ತೆರಪು ಬರಿಯ ಅಂದಕ್ಕೆಂದು ತಿಳಿಯಬಾರದು. ಮುಚ್ಚಿದ ಉಂಗುರದಲ್ಲಿ 24 ತುಂಡುಗಳಿಗೆ 48 ಕೊಯ್ತಗಳು. ಒಂದೊಂದು ಕೊಯ್ತದಲ್ಲಿ ಡಿಗ್ರಿಯ ಹತ್ತನೆಯ ಒಂದು ಪಾಲು ತಪ್ಪಿದರೂ ಉಂಗುರ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಐದು ಡಿಗ್ರಿಯ ಬಿರುಕು ಬಾಯಿ ತೆರೆದು ನಿಲ್ಲುತ್ತದೆ. ತೆರೆದ ಉಂಗುರದಲ್ಲಿ ಪ್ರತಿ ತುಂಡನ್ನೂ ಅದರದರ ಗುರುತಿಗೆ ಬೇರೆಯಾಗಿಯೇ ಕೂರಿಸುವುದರಿಂದ ಒಂದರ ತಪ್ಪು ಮತ್ತೊಂದಕ್ಕೆ ದಾಟುವುದಿಲ್ಲ, ತೆರಪೇ ಅದನ್ನು ನುಂಗಿಕೊಳ್ಳುತ್ತದೆ. ಹಾಗೆಂದು ಕೆಲಸ ಹಗುರವೂ ಅಲ್ಲ. ಲೇತು ತಿರುಗುವಾಗ ಉಳಿಯ ಬಾಯಿಗೆ ಒಮ್ಮೆ ಮರ, ಒಮ್ಮೆ ಬರಿ ಗಾಳಿ. ಕೈ ಸ್ವಲ್ಪ ಭಾರವಾದರೆ ತುಂಡಿನ ಅಂಚು ಸಿಡಿದು ಹೋಗುತ್ತದೆ. ಹರಿತವಾದ ಉಳಿ, ಹಗುರವಾದ ಕೈ, ಇವೆರಡೂ ಇಲ್ಲದವನು ಈ ಗೊಡವೆಗೆ ಹೋಗದಿರುವುದೇ ಲೇಸು.

ಈ ವಿದ್ಯೆಗೆ ಬೇಕಾದ ಎರಡು ಕೌಶಲಗಳು ಕರ್ನಾಟಕದಲ್ಲಿ ಈಗಾಗಲೇ ಇವೆ, ಅದೂ ಒಂದೇ ಹೆದ್ದಾರಿಯ ಮೇಲೆ. ಚನ್ನಪಟ್ಟಣದಲ್ಲಿ ಕಡೆಯುವ ಕೈ ಇದೆ. ಮೈಸೂರಿನಲ್ಲಿ ಬೀಟೆಯ ಹಲಗೆಯೊಳಗೆ ಹಲಸು, ಸಂಪಿಗೆ ಮೊದಲಾದ ನಾನಾ ಮರಗಳ ಸಣ್ಣ ಚೂರುಗಳನ್ನು ಕೂದಲೆಳೆಯ ಸಂದಿಯೂ ಕಾಣದಂತೆ ಕೂಡಿಸಿ ಚಿತ್ರ ಬಿಡಿಸುವ ಕುಸುರಿಯವರಿದ್ದಾರೆ. ಅವರಿಗೆ ಬಣ್ಣದ ಹಂಗಿಲ್ಲ, ಬೀಟೆಯ ಕಪ್ಪು, ಹಲಸಿನ ಹಳದಿ ಎಂದು ಮರದ ಸ್ವಂತ ಬಣ್ಣವೇ ಚಿತ್ರ. ತೆರಪಿನ ಬಟ್ಟಲಿಗೂ ಇದೇ ಒಪ್ಪುತ್ತದೆ. ಅರಗಿನ ಕಡ್ಡಿ ಹತ್ತಬೇಕಾದರೆ ಮೈ ಎಡೆಬಿಡದೆ ಇರಬೇಕು, ಇಲ್ಲಿಯಾದರೋ ಹೆಜ್ಜೆಹೆಜ್ಜೆಗೂ ಬಯಲು. ಮೈಸೂರಿನ ಜೋಡಣೆ, ಚನ್ನಪಟ್ಟಣದ ಕಡಚಲು, ಎರಡನ್ನೂ ಒಬ್ಬನೇ ಕಲಿತರೆ ಮೂರನೆಯದೊಂದು ಕಸಬು ಹುಟ್ಟಬಲ್ಲದು. ಅದಕ್ಕೆ ದೊಡ್ಡ ದಿಮ್ಮಿ ಬೇಡ. ಬಡಗಿಯ ಅಂಗಡಿಯ ಮೂಲೆಯಲ್ಲಿ ಒಲೆಗೆಂದು ಕೂಡಿಟ್ಟ ಬೆರಳುದ್ದದ ಚೂರುಗಳೇ ಸಾಕು.

ಹಳೆಯ ಕಲೆಗೆ ಹೊರಗಿನ ಪದ್ಧತಿಯನ್ನು ಅಂಟಿಸುವುದು ಅಪಚಾರವಲ್ಲವೇ ಎಂದು ಕೇಳುವವರುಂಟು. ಊರಿನ ಐತಿಹ್ಯವನ್ನು ನಂಬುವುದಾದರೆ ಪರ್ಷಿಯದ ಅರಗೂ ಜಪಾನಿನ ಪದ್ಧತಿಯೂ ಒಂದು ಕಾಲಕ್ಕೆ ಹೊರಗಿನವೇ. ಸೇರಿದ ಮೇಲೆ ಅವು ನಮ್ಮವಾದವು. ಕಾಯಬೇಕಾದ ಅಪಾಯ ಬೇರೊಂದಿದೆ. 480 ತುಂಡುಗಳ ಬಟ್ಟಲಿಗೆ ಹಲವು ದಿನಗಳ ದುಡಿಮೆ ಬೇಕು. ಅದನ್ನು ಬುಗುರಿಯ ಬೆಲೆಗೆ ಕೊಳ್ಳಹೊರಟರೆ ಆ ಕಸಬು ಹುಟ್ಟುವ ಮೊದಲೇ ಸಾಯುತ್ತದೆ. ಕೊಳ್ಳುವವರು ಪಟ್ಟಣದ ನಾವು. ಕೈಕೆಲಸದ ವಸ್ತುವನ್ನು ಹಿಡಿದು ‘ಇಷ್ಟು ಮರಕ್ಕೆ ಇಷ್ಟು ಹಣವೇ?’ ಎಂದು ತೂಗಿ ನೋಡುವ ಅಭ್ಯಾಸ ನಮ್ಮದು. ತೆರಪಿನ ಬಟ್ಟಲಿನಲ್ಲಿ ಮರವಿರುವುದೇ ಕಡಿಮೆ, ಕೈಯ ಕೆಲಸವೇ ಹೆಚ್ಚು. ಮರಕ್ಕೆ ಬೆಲೆ ಕಟ್ಟುವ ಕಣ್ಣು ಅದರ ಮುಂದೆ ಸೋಲುತ್ತದೆ.

ಇಟಗಿಯ ಶಿಲ್ಪಿಗೆ ಬಳಪದ ಕಲ್ಲು ಸಿಕ್ಕಿತ್ತು, ಅದನ್ನು ಕಡೆಸಬಲ್ಲ ಒಡೆಯನೂ ಸಿಕ್ಕಿದ್ದನು. ಚನ್ನಪಟ್ಟಣದ ಕೆಲಸಗಾರನಿಗೆ ಆಲೆ ಮರ ಸಿಕ್ಕಿತ್ತು. ಇಂದಿನ ಹುಡುಗನಿಗೆ ನಾವು ಬಿಟ್ಟುಹೋಗುತ್ತಿರುವುದು ಮರದ ಚೂರುಗಳನ್ನು. ಚೂರಿನಿಂದಲೂ ಬಟ್ಟಲನ್ನು ಕಟ್ಟಬಹುದೆಂದು ಅವನಿಗೆ ಕಲಿಸುವ ಒಂದು ಶಾಲೆ, ಕಟ್ಟಿದ್ದಕ್ಕೆ ದುಡಿಮೆಯ ಬೆಲೆ ಕೊಡುವ ಒಂದು ಪೇಟೆ, ಆಲೆಯ ಸಸಿಗಳಿಗೆ ಊರ ಹೊರಗೆ ಒಂದಷ್ಟು ನೆಲ, ಈ ಮೂರು ಒದಗಿದರೆ ಕಡೆಗೋಲಿನ ವಂಶ ಇನ್ನೂ ಹಲವು ತಲೆಮಾರು ಬಾಳೀತು.